ತಾತನ ಎಚ್‌ಎಂಟಿ ವಾಚಿನ ಡಯಲ್ ಕಲೆಗಟ್ಟಿದೆ, ಹೊಸ ಬಣ್ಣ ಹಾಕಿಸಲೇ?

ಬೇಡ. ಹಳೆಯ ವಾಚುಗಳನ್ನು ಸಂಗ್ರಹಿಸುವವರು ಮೊದಲು ನೋಡುವುದೇ ಡಯಲನ್ನು. ಕಾರ್ಖಾನೆಯ ಅಚ್ಚು ಉಳಿದಿರುವ ಕಲೆಬಿದ್ದ ಡಯಲ್ಲಿಗೆ ಇರುವ ಬೆಲೆ, ಮರುಬಣ್ಣ ಬಳಿದು ಮಿರುಗುವ ಡಯಲ್ಲಿಗಿಲ್ಲ. ಯಂತ್ರದ ಬಿಡಿಭಾಗವನ್ನು ಇನ್ನೊಂದು ವಾಚಿನಿಂದ ತಂದು ಹಾಕಬಹುದು. ಅಳಿಸಿಹೋದ ಅಚ್ಚು ಮರಳಿ ಬರುವುದಿಲ್ಲ.

ತೀರ್ಥಹಳ್ಳಿ, ಆಗುಂಬೆಯ ಕಡೆ ಇಂತಹ ಕಲೆ ಸಹಜ. ಕೈಯ ಬಿಸುಪಿನಲ್ಲಿದ್ದ ವಾಚನ್ನು ರಾತ್ರಿ ಕಳಚಿಟ್ಟಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಎಚ್‌ಎಂಟಿಯ ‘ಜನತಾ’ ಮಾದರಿಯಂತಹ ವಾಚಿಗೆ ದಿನವೂ ಕೀ ಕೊಡಬೇಕು. ವರ್ಷಗಟ್ಟಲೆ ತಿರುಗಿಸಿದ ಕೀಲಿಯ ಸುತ್ತ ಸವೆದ ಸಂದೇ ಆ ಗಾಳಿಗೆ ದಾರಿ. ತೇವ ಮೇಲಿನ ಮೆರುಗೆಣ್ಣೆಯ ಪದರವನ್ನು ಸೀಳಿ ಕೆಳಗಿನ ಲೋಹವನ್ನು ಕಪ್ಪಾಗಿಸುತ್ತದೆ.

ಮರುಬಣ್ಣದ ಡಯಲ್ ಭೂತಗನ್ನಡಿಯಲ್ಲಿ ಸಿಕ್ಕಿಬೀಳುತ್ತದೆ: ಅಕ್ಷರಗಳು ದಪ್ಪ, ಅಂಚು ಒರಟು, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂಡುವುದಿಲ್ಲ. ಆ ಮಾದರಿಗೆ ಎಚ್‌ಎಂಟಿ ಹಾಕಿರದ ಬಣ್ಣಗಳನ್ನು ಬಳಿದು ‘ಅಪರೂಪದ್ದು’ ಎಂದು ಮಾರುವವರಿಗಂತೂ ಬರವಿಲ್ಲ.

ರಿಪೇರಿಯವರಿಗೆ ‘ಡಯಲ್ ಮುಟ್ಟಬೇಡಿ’ ಎಂದು ಮೊದಲೇ ಹೇಳಿ. ಯಂತ್ರ ಬಿಚ್ಚಿ ತೊಳೆದು ಎಣ್ಣೆ ಹಾಕಿಸಿ, ಒಳಗಿನ ರಬ್ಬರ್ ಬಳೆ ಬದಲಿಸಿ. ಗೀರುಬಿದ್ದ ಗಾಜನ್ನು ಬದಲಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ಮಳೆಗಾಲದಲ್ಲಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮುಳ್ಳುಗಳಿಗೂ ತುಕ್ಕು ಹತ್ತಿದ್ದರೆ ಮಾತ್ರ ತಡಮಾಡಬೇಡಿ, ಅದರ ಪುಡಿ ಯಂತ್ರದೊಳಗೆ ಉದುರುತ್ತದೆ.