ಹಲ್ಲಿಗೆ ಲೇಸರ್ ಕಿಡಿ
ಪ್ರಶ್ನೆ: ಹಳೇ ಬೆಳ್ಳಿ ಫಿಲ್ಲಿಂಗ್‌ನಲ್ಲಿ ಪಾದರಸ ಇದೆಯಾ ಅಂತ ಹಲ್ಲು ಕೀಳದೇನೇ ಲೇಸರ್ ಬಿಟ್ಟು ಹೇಳಬಹುದಂತೆ, ನಿಜಾನಾ ಸಾರ್?

ಉತ್ತರ: ಅದಕ್ಕೆ ಲೇಸರ್ ಯಾಕ್ರೀ, ಬೆಳ್ಳಿ ಫಿಲ್ಲಿಂಗ್ ಅಂದ್ರೆ ಅಮಾಲ್ಗಮ್ ಅನ್ನೋ ಮಿಶ್ರಲೋಹ, ಅದ್ರಲ್ಲಿ ತೂಕದಲ್ಲಿ ಹತ್ರಹತ್ರ ಅರ್ಧ ಪಾದರಸಾನೇ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಆದ್ರೆ ವಿಧಾನ ನಿಜಾನೇ. ಕೆಲವೇ ನ್ಯಾನೋಸೆಕೆಂಡ್ ಲೇಸರ್ ಹೊಡೆದ್ರೆ ಚುಕ್ಕೆಯಷ್ಟು ಜಾಗ ಆವಿಯಾಗಿ ಪ್ಲಾಸ್ಮಾ (ವಿಪರೀತ ಕಾದು ಹೊಳೆಯೋ ಅನಿಲ) ಕಿಡಿ ಏಳುತ್ತೆ, ಅದರ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ ನೋಡಿದ್ರೆ ಒಂದೊಂದು ಧಾತುಗೂ ಅದರದ್ದೇ ಗೆರೆಗಳು, ಹುಳುಕು ಹಲ್ಲಲ್ಲಿ ಕ್ಯಾಲ್ಸಿಯಂ ಕಮ್ಮಿ ಆಗಿರೋದೂ ಹಿಂಗೇ ಸಿಕ್ಕಿಬೀಳುತ್ತೆ. ಸಣ್ಣ ಗುಳಿ ಬೀಳುತ್ತೆ ಅನ್ನೋದೇ ತಕರಾರು. ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡ ಬೆಳಕಿನ ಚದುರುವಿಕೆ ಬಳಸೋ ವಿಧಾನದಲ್ಲಿ ಆ ಗುಳೀನೂ ಇಲ್ಲ. ಇದೆಲ್ಲ ಹೆಚ್ಚಾಗಿ ಲ್ಯಾಬಲ್ಲಿ, ಕಿತ್ತ ಹಲ್ಲಿನ ಮೇಲೆ. ಫಿಲ್ಲಿಂಗ್ ಗಟ್ಟಿಯಾಗಿದ್ರೆ ಸುಮ್ನೆ ಕೀಳಿಸ್ಬೇಡಿ, ಕೊರೆಯುವಾಗಲೇ ಪಾದರಸದ ಆವಿ ಜಾಸ್ತಿ ಏಳೋದು.