ವಿದೇಶಕ್ಕೆ ಹೋಗಿರೋ ಮಿಷನರಿ ಫ್ಯಾಮಿಲಿಗಳು ದಿನಾ ಏನ್ ಮಾಡ್ತಾರೆ? ಮತಾಂತರ ಮಾಡ್ತಾರಾ? ದುಡ್ಡು ಯಾರು ಕೊಡ್ತಾರೆ, ಮಕ್ಕಳ ಗತಿ ಏನು?

ನಮ್ಮನೆ ವಿಷಯ ಮಾತ್ರ ಹೇಳ್ತೀನಿ. ನಾವು ಮಂಗಳೂರು ಕಡೆಯವರು, ಸಿಎಸ್ಐ ಸಭೆ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ ಚರ್ಚಿನವರು, ಈಗ ಇರೋದು ನೇಪಾಳದ ಪಾಲ್ಪಾ ಜಿಲ್ಲೆಯ ತಾನ್ಸೇನ್‌ನಲ್ಲಿ. ನಾನು ಮಿಷನ್ ಆಸ್ಪತ್ರೇಲಿ ನರ್ಸ್, ನಮ್ಮ ಮನೆಯವರು ಅಲ್ಲೇ ಮಶೀನ್ ರಿಪೇರಿ, ಆಕ್ಸಿಜನ್ ಮಶೀನ್ ಇರ್ಲಿ ಜನರೇಟರ್ ಇರ್ಲಿ ಏನು ಕೆಟ್ರೂ ಅವರನ್ನೇ ಕರೀತಾರೆ.

ಬೆಳಿಗ್ಗೆ ಮೊದಲು ನೀರಿನ ಕೆಲಸ. ಗುಡ್ಡದ ಮೇಲಿನ ಊರು, ನಲ್ಲಿ ದಿನಾ ಬರಲ್ಲ, ಬಂದಾಗ ಡ್ರಮ್ಮು ಬಕೆಟ್ಟು ಎಲ್ಲ ತುಂಬಿಸ್ಕೋಬೇಕು. ಆಮೇಲೆ ಎಲ್ರೂ ಕೂತು ಬೈಬಲ್ ಓದಿ ಪ್ರಾರ್ಥನೆ, ಕನ್ನಡದಲ್ಲೇ, ಯಾಕಂದ್ರೆ ಸ್ಕೂಲಲ್ಲಿ ನೇಪಾಳಿ, ಇಂಗ್ಲಿಷ್ ಬಿಟ್ರೆ ಬೇರೆ ಇಲ್ಲ, ಮಕ್ಕಳು ಕನ್ನಡ ಅಕ್ಷರ ನೋಡೋದು ಆಗ ಮಾತ್ರ. ವಾರ್ಡಲ್ಲಿ ಹೆರಿಗೆ ಕೇಸು, ಎಮ್ಮೆಗೆ ಸೊಪ್ಪು ಕಡಿಯೋಕೆ ಮರ ಹತ್ತಿ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು, ಸೌದೆ ಒಲೆ ಹೊಗೆ ಕುಡಿದು ಕುಡಿದು ಉಸಿರು ಸಿಗದ ಅಜ್ಜಿಯರು. ಎಷ್ಟೋ ಮನೇಲಿ ಗಂಡಸರು ಗಲ್ಫಿಗೋ ಮಲೇಷ್ಯಾಕ್ಕೋ ಹೋಗಿರ್ತಾರೆ, ಅತ್ತೆನ ಕರ್ಕೊಂಡು ಬರೋದು ಸೊಸೇನೇ. ಇಲ್ಲಿ ರಜೆ ಶನಿವಾರ, ಅದಕ್ಕೆ ಚರ್ಚೂ ಶನಿವಾರಾನೇ.

ಮತಾಂತರ ಮಾಡ್ತೀರಾ ಅಂತ ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗೇ ಹೇಳ್ತೀನಿ. ನೇಪಾಳದಲ್ಲಿ 2018ರಿಂದ ಜಾರಿಯಲ್ಲಿರೋ ಕ್ರಿಮಿನಲ್ ಕಾನೂನಿನ ಪ್ರಕಾರ ಮತಾಂತರ ಮಾಡಿಸಿದ್ರೆ 5 ವರ್ಷದವರೆಗೆ ಜೈಲು, ವಿದೇಶಿಯಾದ್ರೆ ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಗೆ. ನಮ್ಮ ಕೆಲಸ ಚಿಕಿತ್ಸೆ, ಅದನ್ನ ಮನಸ್ಸಿಟ್ಟು ಮಾಡ್ತೀವಿ. ಇಷ್ಟು ದೂರ ಯಾಕೆ ಬಂದ್ರಿ ಅಂತ ರೋಗಿಗಳೇ ಕೇಳಿದಾಗ ಯೇಸುವನ್ನ ನಂಬ್ತೀವಿ ಅದಕ್ಕೇ ಬಂದ್ವಿ ಅಂತೀನಿ, ಅದನ್ನ ಮುಚ್ಚಿಡಲ್ಲ.

ದುಡ್ಡು ಊರಿನ ಸಭೆಗಳಿಂದ ಬರುತ್ತೆ, ಮನೆಮನೆಯವರು ತಿಂಗಳಿಗಿಷ್ಟು ಅಂತ ಕೊಡೋ ಕಾಣಿಕೆ, ಬೆಳೆ ಹಬ್ಬದಲ್ಲಿ ತೆಂಗಿನಕಾಯಿ ಕೋಳಿ ಏಲಂ ಹಾಕಿ ಬಂದಿದ್ದು. ಮಿಝೋರಾಂನಲ್ಲಂತೂ ಹೆಂಗಸರು ಪ್ರತಿ ಸಲ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಕೊಡ್ತಾರೆ, ಅದನ್ನ ಮಾರಿ ಬಂದ ದುಡ್ಡೂ ಮಿಷನ್ ಕೆಲಸಕ್ಕೆ ಹೋಗುತ್ತೆ. ಇದೇ ಕೆಲಸ ಗಲ್ಫಲ್ಲಿ ಮಾಡಿದ್ರೆ ಎಷ್ಟೋ ಪಟ್ಟು ಜಾಸ್ತಿ ಸಿಗ್ತಿತ್ತು, ಆದ್ರೆ ಆ ಲೆಕ್ಕ ನನ್ನ ನಿದ್ದೆ ಕೆಡಿಸಲ್ಲ.

ಕೆಡಿಸೋದು ಮಕ್ಕಳ ವಿಷಯ. ನಮ್ಮ ಸಭೆ ಹುಟ್ಟಿದ್ದೇ 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿದ್ರಿಂದ, ಅವರ ಸ್ಕೂಲು, ಪ್ರೆಸ್ಸು, ಹೆಂಚಿನ ಕಾರ್ಖಾನೆ ಎಲ್ಲರಿಗೂ ಗೊತ್ತು, ಆದ್ರೆ ಅವರು ತಮ್ಮ ಚಿಕ್ಕ ಚಿಕ್ಕ ಮಕ್ಕಳನ್ನ ಯೂರೋಪಿಗೆ ಹಡಗು ಹತ್ತಿಸಿ ವರ್ಷಗಟ್ಟಲೆ ಮುಖ ನೋಡದೆ ಇದ್ದಿದ್ದು ಯಾರೂ ಮಾತಾಡಲ್ಲ. ಕೇರಳದ ತಲಶ್ಶೇರಿಯಲ್ಲಿದ್ದ ಅದೇ ಮಿಷನ್‌ನ ಗುಂಡರ್ಟ್ ಅವರ ಮಗಳು ಮಾರಿ, ಅಂದ್ರೆ ಜರ್ಮನ್ ಸಾಹಿತಿ ಹರ್ಮನ್ ಹೆಸ್ಸೆಯ ತಾಯಿ, ಹಂಗೇ ಬೆಳೆದವಳು. ತಾಯಿಯಾಗಿ ನನಗೆ ಅದನ್ನ ಒಪ್ಪೋಕೆ ಆಗಲ್ಲ, ಸೇವೆ ಮಾಡ್ತೀನಿ ಅಂತ ಹೊರಟವರು ನಾವು, ಮಕ್ಕಳಲ್ಲ.

ನಮ್ಮ ಮಕ್ಕಳು ಜೊತೇಲೇ ಇದ್ದಾರೆ, ದೇವರ ದಯೆ. ಆದ್ರೆ ದೊಡ್ಡವಳು ಈಗ 10ನೇ ಕ್ಲಾಸು, ನಮ್ಮ ಎಸ್ಸೆಸ್ಸೆಲ್ಸಿ ಥರ ಇಲ್ಲಿರೋ ಎಸ್ಇಇ ಪರೀಕ್ಷೆ ಬರೀತಾಳೆ, ಮುಂದೆ ಪಿಯುಸಿಗೆ ಊರಿಗೆ ಕಳಿಸಿ ಅಜ್ಜಿ ಮನೇಲಿ ಇಡೋಣ ಅಂತ ಇವರು, ಬೇಡ ನಾವೇ ವಾಪಸ್ ಹೋಗೋಣ ಅಂತ ನಾನು. ಅವಳಿಗೆ ನೇಪಾಳಿ ಸರಾಗ, ಕನ್ನಡ ತಡವರಿಸುತ್ತೆ, ಗೆಳತಿಯರೆಲ್ಲ ಇಲ್ಲೇ. ಅತ್ತೆಗೂ ವಯಸ್ಸಾಯ್ತು, ರಾತ್ರಿ ವಾಟ್ಸಾಪಲ್ಲಿ ವಿಡಿಯೋ ಕಾಲ್ ಮಾಡಿದಾಗ ಮೊಮ್ಮಗಳು ಹೇಳೋದು ಅರ್ಧ ಅರ್ಥ ಆಗಲ್ಲ ಅವರಿಗೆ. ಈ ಮಾರ್ಚ್ ಒಳಗೆ ಇದನ್ನ ತೀರ್ಮಾನ ಮಾಡಲೇಬೇಕು. ನೀವೂ ಹೊರಡೋ ಯೋಚನೆ ಇಟ್ಕೊಂಡು ಕೇಳ್ತಿದ್ರೆ, ಕಳಿಸೋ ಸಂಸ್ಥೆಯವರ ಹತ್ರ ಮಕ್ಕಳ ಓದಿನ ವಿಷಯ ಮೊದಲೇ ಕೂತು ಮಾತಾಡಿ, ಹೈಸ್ಕೂಲ್ ವಯಸ್ಸಿನವರಾದ್ರೆ ಅವರನ್ನೂ ಆ ಮಾತಿಗೆ ಕೂರಿಸ್ಕೊಳ್ಳಿ.