ತಾನೇ ಹಾಕಿದ ಸಹಿಯನ್ನು ‘ನನ್ನದಲ್ಲ’ ಅಂದರೆ ಪತ್ತೆ ಮಾಡಬಹುದಾ?

ಕಾಫಿ ಕೊಯ್ಲಿನ ಖರ್ಚಿಗೆಂದು ಸಕಲೇಶಪುರದ ಪರಿಚಯದವರು ನಿಮ್ಮಿಂದ ಸಾಲ ಪಡೆದು, ಪ್ರೋನೋಟಿಗೆ (ಹಣ ಮರಳಿಸುತ್ತೇನೆ ಅಂತ ಬರೆದುಕೊಡುವ ಪತ್ರ) ಬೇಕಂತಲೇ ಬೇರೆ ಥರ ಸಹಿ ಹಾಕಿದ್ದಾರೆ, ಈಗ ‘ಅದು ನನ್ನದಲ್ಲ’ ಅನ್ನುತ್ತಿದ್ದಾರೆ, ಪರೀಕ್ಷೆಯಲ್ಲಿ ಗೊತ್ತಾಗುತ್ತದಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಸಿವಿಲ್ ಕೇಸು ನಡೆಸುವ ವಕೀಲ. ಗೊತ್ತಾಗುವ ಸಾಧ್ಯತೆ ಇದೆ. ಆದರೆ ಹೋಲಿಸಿ ನೋಡಲು ನೀವು ಏನು ಒದಗಿಸುತ್ತೀರಿ ಅನ್ನುವುದೇ ಮುಖ್ಯ.

ಬೇರೆಯವರು ನಕಲು ಮಾಡಿದ ಸಹಿಗೂ ತಾನೇ ತಿರುಚಿ ಹಾಕಿದ ಸಹಿಗೂ ವ್ಯತ್ಯಾಸ ಇದೆ. ನಕಲು ಮಾಡುವವರು ಆಕಾರ ನೋಡಿಕೊಂಡು ನಿಧಾನಕ್ಕೆ ಬರೆಯುತ್ತಾರೆ. ನೋಡಲು ಅದೇ ಸಹಿ, ಆದರೆ ಗೆರೆ ನಡುಗಿರುತ್ತದೆ, ನಡುನಡುವೆ ಪೆನ್ನು ಎತ್ತಿರುತ್ತಾರೆ. ತನ್ನದೇ ಸಹಿ ತಿರುಚುವವರು ಕಣ್ಣಿಗೆ ಹೊಡೆಯುವುದನ್ನು ಬದಲಿಸುತ್ತಾರೆ: ಮೊದಲ ಅಕ್ಷರ, ವಾಲು, ಗಾತ್ರ, ಕೆಳಗೆ ಎಳೆಯುವ ಗೆರೆ. ತಲೆಕಟ್ಟು ಎಲ್ಲಿಂದ ಶುರುವಾಗುತ್ತದೆ, ಒತ್ತಕ್ಷರ ಎಷ್ಟು ಕೆಳಗೆ ಕೂರುತ್ತದೆ, ದೀರ್ಘದ ಬಾಲ ಎತ್ತ ತಿರುಗುತ್ತದೆ, ಅಕ್ಷರಗಳ ನಡುವೆ ಎಷ್ಟು ಜಾಗ ಬಿಡುತ್ತಾರೆ ಅನ್ನುವುದು ಅವರ ಗಮನಕ್ಕೇ ಬಂದಿರುವುದಿಲ್ಲ. ಕೈಯ ರೂಢಿ ಅಲ್ಲಿ ಉಳಿದುಬಿಡುತ್ತದೆ. ಪರೀಕ್ಷಕರು ಹುಡುಕುವುದೂ ಅದನ್ನೇ.

ಬರೀ ಗೀಚಿದ ಸಹಿಯಾದರೆ ‘ಖಚಿತವಾಗಿ ಹೇಳಲಾಗದು’ ಅಂತ ವರದಿ ಬರಬಹುದು. ‘ಇಷ್ಟು ಹಣ ಪಡೆದಿದ್ದೇನೆ’ ಅಂತ ಅವರ ಕೈಯಲ್ಲೇ ಎರಡು ಸಾಲು ಬರೆದಿದ್ದರೆ ಒಳ್ಳೆಯದು. ಬರೆಯುತ್ತಾ ಹೋದಂತೆ ಎಚ್ಚರ ಸಡಿಲವಾಗುತ್ತದೆ.

ಕೋರ್ಟಿನಲ್ಲಿ ಕೊಡುವ ಮಾದರಿ ಸಹಿಯನ್ನೂ ಅವರು ತಿರುಚಬಹುದು, ಅಲ್ವಾ? ತಮ್ಮ ವಕೀಲರನ್ನು ನೇಮಿಸಿಕೊಳ್ಳುವ ವಕಾಲತ್ತಿನ ಸಹಿಯೂ ಜಗಳ ಶುರುವಾದ ಮೇಲಿನದು. ಅದನ್ನು ಜಾಸ್ತಿ ನೆಚ್ಚಬೇಡಿ. ಅದಕ್ಕಿಂತ ಹಿಂದಿನ, ಪ್ರೋನೋಟಿನ ಆಸುಪಾಸಿನ ವರ್ಷಗಳ ಸಹಿ ಬೇಕು. ಬೆಳೆಸಾಲದ ಅರ್ಜಿ, ಸೊಸೈಟಿಯ ಕಾಗದ, ಅವರು ಮಾಡಿಕೊಟ್ಟ ಕ್ರಯಪತ್ರ ಎಲ್ಲಿವೆ ಅಂತ ವಿಚಾರಿಸಿ. ಮೂಲಪ್ರತಿಯೇ ಆಗಬೇಕು, ಜೆರಾಕ್ಸಿನಲ್ಲಿ ಪೆನ್ನಿನ ಒತ್ತಡ ಕಾಣುವುದಿಲ್ಲ. ಕೋರ್ಟಿನ ಮೂಲಕ ತರಿಸಲು ನಿಮ್ಮ ವಕೀಲರು ಅರ್ಜಿ ಹಾಕಬಹುದು. ತಜ್ಞರಿಗೆ ಕಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 10ಎ ಇದೆ. ನಿಮ್ಮ ಪ್ರೋನೋಟನ್ನು ಮಾತ್ರ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ.

ತಜ್ಞರ ವರದಿಯೊಂದೇ ಸಾಕು ಅಂತಲೂ ಕೂರಬೇಡಿ. ಅದನ್ನು ಎಚ್ಚರಿಕೆಯಿಂದ ತೂಗಿ ನೋಡಬೇಕು ಅಂತ ಮುರಾರಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ಸಹಿ ಹಾಕುವಾಗ ಪಕ್ಕದಲ್ಲಿದ್ದವರು ಯಾರು? ಅವರನ್ನು ಈಗಲೇ ಮಾತಾಡಿಸಿ. ಕೇಳಿದಾಗ ಕೊಡುತ್ತೇನೆ ಅನ್ನುವ ಮಾಮೂಲಿ ಪ್ರೋನೋಟಾದರೆ, ಅದರ ತಾರೀಖಿನಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಕಾಗದ ಹುಡುಕುತ್ತಾ ಆ ಗಡುವು ಮೀರಿಸಬೇಡಿ.